ಜಗಲಿಗೆ ಬಾರದ ಏಳು ತಿಂಗಳು

ಮಕ್ಕಳಾಗದ ಹೆಂಗಸಿನ ಮನೆಗೆ ದುಃಖ ಒಂದೇ ಬರುವುದಿಲ್ಲ, ನಗೆಪಾಟಲನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ನನಗಂತೂ ಹತ್ತು ವರ್ಷ ಹಾಗೇ ಆಯಿತು. ಇನ್ನೇನು ಅಳಬೇಕು ಅನ್ನುವಷ್ಟರಲ್ಲಿ ಯಾರಾದರೂ ಬಂದು ನಗು ಬರುವಂಥ ಮಾತೊಂದನ್ನು ಆಡಿ ಹೋಗುತ್ತಿದ್ದರು. ಈಗ ನೆನೆಸಿಕೊಂಡರೆ ಅವರ ಮೇಲೆ ಸಿಟ್ಟೂ ಬರುತ್ತದೆ, ನಗುವೂ ಬರುತ್ತದೆ. ಸಿಟ್ಟೇ ಸ್ವಲ್ಪ ಜಾಸ್ತಿ.

ಬೀದಿಗೆಲ್ಲ ಗೊತ್ತು

ಹೊನ್ನವಳ್ಳಿ ಹತ್ತಿರ ನಮ್ಮೂರು. ಎಂಬತ್ತರ ಆಸುಪಾಸಿನ ಮಾತು. ಆಗ ತಿಂಗಳಿಗೆ ಮೂರು ದಿನ ಹೆಂಗಸರು ಮನೆಯೊಳಗೆ ಬರುವಂತಿರಲಿಲ್ಲ. ನಮ್ಮ ಮನೆಯಲ್ಲಿ ಬೀದಿ ಜಗಲಿಯ ಮೂಲೆಯೇ ನನ್ನ ಜಾಗ. ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಮಕ್ಕಳಿರುವವಳು ಅಲ್ಲಿ ಕೂತರೆ ಯಾರೂ ತಿರುಗಿ ನೋಡುವುದಿಲ್ಲ. ನಾನು ಕೂತರೆ ಇಡೀ ಬೀದಿ ಲೊಚಗುಟ್ಟುತ್ತಿತ್ತು, ಈ ತಿಂಗಳೂ ಇಲ್ಲವಲ್ಲ ಅಂತ.

ಸುಮ್ಮನೆ ಕೂರುವುದಾದರೂ ಎಲ್ಲಿ? ಹೊಟ್ಟೆಯೊಳಗೆ ಯಾರೋ ಹಗ್ಗ ಹೊಸೆದಂಥ ನೋವು. ಮಂಡಿ ಮಡಚಿಕೊಂಡು ಬಿದ್ದಿರುತ್ತಿದ್ದೆ. "ಒಂದು ಮಗ ಆದ್ರೆ ನೋವು ತಾನೇ ಹೋಯ್ತದೆ ಬುಡು" ಎನ್ನುತ್ತಿದ್ದರು ಎಲ್ಲರೂ. ಅತ್ತೆಯವರದು ಇನ್ನೂ ಒಂದು ಮಾತಿತ್ತು. "ಇನ್ನೊಂದು ವರ್ಷ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನನ್ನ ತಮ್ಮನ ಮಗಳನ್ನ ಇವ್ನಿಗೆ ತತ್ತೀನಿ."

ನಮ್ಮ ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಒಂದು ಸಲ ದಿನ ನಾಲ್ಕು ಮೀರಿತ್ತು, ಇಬ್ಬರೂ ಏನೇನೋ ಆಸೆ ಇಟ್ಟುಕೊಂಡಿದ್ದೆವು. ಅವರು ಕೆಲಸಕ್ಕೆ ಹೋದ ಮೇಲೆ ನಾನು ಹೊರಗಾದೆ. ಸಂಜೆ ಬಂದಾಗ ಹೇಗೆ ಹೇಳುವುದು ಅಂತ ಮಧ್ಯಾಹ್ನವೆಲ್ಲ ಮಾತು ಜೋಡಿಸಿಕೊಂಡೆ. ಅವರು ಬಂದವರೇ ನನ್ನ ಮುಖ ನೋಡದೆ ಚಪ್ಪಲಿ ಬಿಟ್ಟರು.

"ಗೊತ್ತಾಯ್ತು ಬುಡು. ಎರಡು ಗಂಟೆ ಬಸ್ಸಿನ ಕಂಡಕ್ಟರ್ ಮಂಡಿಗೇ ಬಂದು ಹೇಳ್ದ."

ಕಂಕುಳಲ್ಲಿ ಸೀಸೆ

ತಿಪಟೂರಿನ ಲೇಡಿ ಡಾಕ್ಟರು ನನ್ನನ್ನು ನೋಡಿ, "ಮೊದಲು ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗಲಿ. ಸೀಸೆಯಲ್ಲಿ ಹಿಡಿದು ಒಂದು ಗಂಟೆಯೊಳಗೆ ತರಬೇಕು, ತಣ್ಣಗಾಗಬಾರದು" ಅಂದರು. ಈ ಮಾತನ್ನು ಅವರಿಗೆ ಮುಟ್ಟಿಸಲು ನನಗೆ ಎರಡು ದಿನ ಹಿಡಿಯಿತು. ಅವರು ಒಪ್ಪಲು ಎರಡು ತಿಂಗಳು.

ಕೊನೆಗೊಂದು ಬೆಳಿಗ್ಗೆ ಸೀಸೆಯನ್ನು ಅಂಗಿಯೊಳಗೆ ಕಂಕುಳಲ್ಲಿ ಒತ್ತಿಕೊಂಡು ಬಸ್ಸು ಹತ್ತಿದರು. ಮುಂದಿನ ಊರಿನಲ್ಲಿ ಬಸ್ಸು ನಿಂತಿತು. ಯಾರದೋ ತೆಂಗಿನಕಾಯಿ ಮೂಟೆಗಳು ಮೇಲೇರುತ್ತಲೇ ಇವೆ. ಇವರು ಗಡಿಯಾರ ನೋಡುತ್ತಾರೆ, ಬೆವರುತ್ತಾರೆ, ಕೈ ಮಾತ್ರ ಎತ್ತುವಂತಿಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮೂರ ತಾತನಿಗೆ ಅನುಮಾನ ಬಂತು.

"ಕಂಕುಳಲ್ಲಿ ಏನ್ಲಾ ಅದು?"

"ಔಷ್ದಿ ತಾತ."

"ಯಾತಕ್ಕೆ?"

ಗಾಬರಿಯಲ್ಲಿ ಇವರ ಬಾಯಿಂದ ಅರ್ಧ ನಿಜ ಜಾರಿತು. "ಗಬ್ಬ ನಿಲ್ಲೋಕೆ... ಹಸೀಗೆ."

"ಅಯ್ಯೋ, ನಮ್ಮ ಕೆಂದ ಹಸಾನೂ ಎರಡು ವರ್ಷದಿಂದ ನಿಂತಿಲ್ಲ ಕಣ್ಲಾ! ಅರ್ಧ ನಂಗೂ ಬಗ್ಗಿಸು" ಅಂತ ತಾತ ಚೀಲದಿಂದ ಖಾಲಿ ಸೀಸೆಯನ್ನೇ ತೆಗೆದನಂತೆ. ಇವರು ಕೊಡಲಿಲ್ಲ. ಪರೀಕ್ಷೆಯಲ್ಲಿ ಇವರದೆಲ್ಲ ಸರಿಯಾಗಿದೆ ಅಂತ ಬಂತು. ಹಾಗಾದರೆ ತಪ್ಪು ನನ್ನದೇ ಅಂತಾಯಿತು. ಆ ದಿನ ನಾನು ಉಣ್ಣಲಿಲ್ಲ.

ತಾತ ಮಾತ್ರ ಊರ ತುಂಬ ಹೇಳಿಕೊಂಡು ಬಂದ. "ಮೂಕಪ್ರಾಣೀಗೆ ಒಂದು ಹನಿ ಔಷ್ದಿ ಕೊಡೋಕೆ ಮನಸ್ಸು ಬರಲಿಲ್ಲ ಅವನಿಗೆ. ಅದಕ್ಕೇ ದೇವ್ರು ಅವನಿಗೆ ಮಕ್ಕಳು ಕೊಟ್ಟಿಲ್ಲ!"

ಹೊಲಿಯುವ ಮುಂಚೆ

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮೊದಲು ಹೊಕ್ಕುಳ ಹತ್ತಿರ ತೂತು ಮಾಡಿ ಕೊಳವೆ ಹಾಕಿ ಇಣುಕಿದರು. ಆಮೇಲೆ ಹೊಟ್ಟೆಯನ್ನೇ ಕೊಯ್ದರು. ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. "ಗರ್ಭಕೋಶದ ಒಳಗಿರಬೇಕಾದಂಥ ಪದರ ನಿಮ್ಮ ಅಂಡಾಶಯದ ಮೇಲೂ ಬೆಳೆದಿದೆ ಕಣಮ್ಮ. ತಿಂಗಳು ತಿಂಗಳು ಅಲ್ಲೂ ರಕ್ತ ಬರುತ್ತೆ. ಹೊರಗೆ ಹೋಗಲು ದಾರಿಯಿಲ್ಲ, ಅಲ್ಲೇ ಕಟ್ಟಿ ಗಂಟಾಗುತ್ತೆ. ಒಂದು ಕಡೆಯ ಗಂಟನ್ನು ತೆಗೆದಿದ್ದೇವೆ. ಇನ್ನೊಂದು ಕರುಳಿಗೆ ಅಂಟಿಕೊಂಡಿದೆ, ಮುಟ್ಟಲಿಲ್ಲ."

"ಮಗು ಆದರೆ ಈ ನೋವು ಹೋಗುತ್ತೆ ಅಂತಾರಲ್ಲ ಡಾಕ್ಟ್ರೇ?"

"ಹೋಗಬಹುದು. ಆದರೆ ಇದು ಹೋಗದೆ ಮಗು ಆಗುವುದು ಕಷ್ಟ."

ಗೋಡೆಯ ಕಡೆ ತಿರುಗಿ ಮಲಗಿದೆ. ಜೊತೆಗೆ ಬಂದಿದ್ದ ಅತ್ತೆಯವರು ಹೊಲಿಗೆ ಎಷ್ಟು ಬಿದ್ದಿದೆ ಅಂತ ಕೇಳಿ ತಿಳಿದುಕೊಂಡು, ಡಾಕ್ಟರನ್ನೇ ತರಾಟೆಗೆ ತೆಗೆದುಕೊಂಡರು.

"ಅಷ್ಟುದ್ದ ಕೊಯ್ದು, ಒಳಗೆ ಕೈ ಹಾಕಿದ್ದಾಯ್ತಲ್ಲ ಸ್ವಾಮಿ, ಹಂಗೇ ಒಂದು ಗಂಡ್ಮಗೀನೂ ಒಳಗಿಟ್ಟು ಹೊಲಿಯಕ್ಕೇನಾಗಿತ್ತು ನಿಮಗೆ?"

ಅಲ್ಲ ಅಂದಷ್ಟೂ ಹೌದು

ಉಳಿದ ಗಂಟು ಕರಗಲಿ ಅಂತ ಆರು ತಿಂಗಳು ಮಾತ್ರೆ ಕೊಟ್ಟರು. ಮುಟ್ಟನ್ನೇ ನಿಲ್ಲಿಸುವ ಮಾತ್ರೆ. ಒಳಗೆ ರಕ್ತ ಬರುವುದು ನಿಂತರೆ ಗಂಟಿಗೂ ಬಿಡುವು ಸಿಗುತ್ತದಂತೆ.

ಮೊದಲ ತಿಂಗಳು ನಾನು ಜಗಲಿಗೆ ಬರಲಿಲ್ಲ. ಎರಡನೆಯ ತಿಂಗಳೂ ಬರಲಿಲ್ಲ. ಬೀದಿಯ ಕಿವಿ ನೆಟ್ಟಗಾಯಿತು. ಹೋದಲ್ಲೆಲ್ಲ ಹೇಳಿದೆ, "ಇದು ಬಸುರಲ್ಲ ಕಣ್ರೀ, ಮಾತ್ರೆಯಿಂದ ನಿಂತಿರೋದು" ಅಂತ. ಯಾರು ನಂಬಬೇಕು? ನಮ್ಮ ಕಡೆ ಹೊಸ ಬಸುರಿ ಯಾವತ್ತೂ ಹೌದು ಅನ್ನುವುದಿಲ್ಲ, ಕಣ್ಣು ಬಿದ್ದೀತೆಂಬ ಹೆದರಿಕೆ. ನಾನು ಅಲ್ಲ ಅಂದಷ್ಟೂ ಅವರಿಗೆ ಗಟ್ಟಿಯಾಗುತ್ತ ಹೋಯಿತು.

ಅತ್ತೆಯವರ ಕೈ ಹಿಡಿದು ಹೇಳಿದೆ. "ಅತ್ತೆ, ನಿಮ್ಮಾಣೆಗೂ ಇಲ್ಲ."

"ಹಂಗೇ ಅಂತಿರು ಕಣೇ, ಜಾಣೆ" ಅಂತ ನೆಟಿಗೆ ಮುರಿದು ದೃಷ್ಟಿ ತೆಗೆದರು. ನೀರಿನ ಬಿಂದಿಗೆ ನನ್ನ ಸೊಂಟದಿಂದ ಇಳಿಯಿತು. ಬಿಸಿ ರೊಟ್ಟಿಗೆ ಬೆಣ್ಣೆ ಬಂತು. ತಮ್ಮನ ಮಗಳನ್ನು ಬೇರೆ ಕಡೆ ಕೊಡಲು ಅವರೇ ಮುಂದೆ ನಿಂತರು, ದಬ್ಬೇಘಟ್ಟದ ವರ ಗೊತ್ತಾಗಿ ಮದುವೆಯೂ ಮುಗಿಯಿತು. ಆಮೇಲೆ ನಾನು ಅಲ್ಲ ಅನ್ನುವುದನ್ನು ನಿಲ್ಲಿಸಿದೆ. ನಿಜ ಹೇಳುತ್ತೇನೆ, ಆ ಮನೆಯಲ್ಲಿ ನಾನು ಸುಖವಾಗಿದ್ದದ್ದು ಆ ಕೆಲವು ತಿಂಗಳು ಮಾತ್ರ.

ಮಾತ್ರೆಯ ಪ್ರಭಾವಕ್ಕೆ ಮೈ ದಪ್ಪಗಾಯಿತು, ದನಿ ಒಡೆಯಿತು, ಮೇಲ್ದುಟಿಯ ಮೇಲೆ ಕೂದಲು ಮೂಡಿತು. ಕನ್ನಡಿ ನೋಡಿ ನಾನು ಕಣ್ಣೀರು ಹಾಕಿದೆ. ಅತ್ತೆಯವರು ಗಲ್ಲ ಎತ್ತಿ ನೋಡಿ ಹಿಗ್ಗಿಬಿಟ್ಟರು.

"ಗಂಡು ಮಗೀನೇ ಕಣೇ! ನಿಂಗೇ ಮೀಸೆ ಬತ್ತಾ ಐತೆ!"

ಬಸುರಿ ಊಟ

ಮಾತ್ರೆ ಮುಗಿಯಿತು. ಏಳನೆಯ ತಿಂಗಳ ಶಾಸ್ತ್ರಕ್ಕೆ ಅತ್ತೆಯವರು ದಿನ ಗೊತ್ತು ಮಾಡಿದರು. "ಇನ್ನಾದರೂ ನೀವೇ ಹೇಳಿ" ಅಂತ ಯಜಮಾನರ ಕಾಲು ಹಿಡಿದೆ. ಅವರು ತಲೆ ಎತ್ತಲಿಲ್ಲ. "ಅಮ್ಮ ನಕ್ಕಿದ್ದ ನೋಡಿ ಎಷ್ಟು ವರ್ಷ ಆಗಿತ್ತು" ಅಂದರು.

ಇನ್ನೊಂದು ಹುಚ್ಚೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಮಾತ್ರೆ ಬಿಟ್ಟು ಒಂದು ತಿಂಗಳಾದರೂ ನಾನು ಮುಟ್ಟಾಗಿರಲಿಲ್ಲ. ಗಂಟು ಕರಗಿರಬಹುದು, ಇವರೆಲ್ಲ ಹೇಳುತ್ತಿರುವ ಸುಳ್ಳೇ ಈಗ ನಿಜವಾಗಿರಬಹುದು ಅಂತ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ.

ನಲವತ್ತು ಜನ ಬಂದರು. ಬಳೆಗಾರ ಎರಡೂ ಕೈಗೆ ಹಸಿರು ಬಳೆ ತೊಡಿಸಿದ. ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಬಿತ್ತು. ಹೆಂಗಸರು ಆರತಿ ಎತ್ತಿ ಹಾಡು ಶುರು ಮಾಡಿದಾಗ ಹೊಟ್ಟೆಯಲ್ಲಿ ಅದೇ ಹಗ್ಗ ಹೊಸೆದಂತಾಯಿತು. ತಪ್ಪು ತಿಳಿಯುವಂಥ ನೋವಲ್ಲ ಅದು. ಸೀರೆ ಒದ್ದೆಯಾಯಿತು.

ಮಡಿಲನ್ನು ಹಾಗೇ ಹಿಡಿದುಕೊಂಡು ಎದ್ದೆ, ಎಲ್ಲರ ನಡುವೆ ನಡೆದು ಹೋಗಿ ಜಗಲಿಯ ಮೂಲೆಯಲ್ಲಿ ಕೂತೆ. ಏಳು ತಿಂಗಳಾದ ಮೇಲೆ. ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಹಾಡು ಅರ್ಧಕ್ಕೆ ನಿಂತಿತು.

ಅತ್ತೆಯವರು ಹೊಸಿಲಿನಲ್ಲಿ ನಿಂತು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಇಳಿದು ಬಂದು, ಮೈಲಿಗೆ ಅನ್ನುವುದನ್ನೂ ಮರೆತು, ನನ್ನ ಪಕ್ಕದಲ್ಲೇ ಕೂತರು. ನನ್ನ ಮಡಿಲಿನ ಕೊಬ್ಬರಿಯೊಂದನ್ನು ತೆಗೆದು, ನೋಡಿ, ಮತ್ತೆ ಅಲ್ಲೇ ಇಟ್ಟರು. ಒಳಗೆ ಎಲೆ ಹಾಕಿ ಬಡಿಸಿಯಾಗಿತ್ತು. ನೆಂಟರು ಸದ್ದಿಲ್ಲದೆ ಚಪ್ಪಲಿ ಹುಡುಕತೊಡಗಿದರು.

ಅತ್ತೆಯವರು ಸೆರಗಿನಿಂದ ಮೂಗು ಒರೆಸಿಕೊಂಡು ಗದರಿದರು.

"ಎತ್ಲಾಗೆ ಹೊಂಟ್ರಿ ಎಲ್ಲಾ? ಸತ್ತೋರ ಹೆಸರಲ್ಲಿ ಕರೆದ್ರೆ ಉಂಡೋಗಲ್ವಾ? ಇದು ಹುಟ್ಟದೇ ಇರೋ ನನ್ನ ಮೊಮ್ಮಗನ ಹೆಸ್ರಲ್ಲಿ. ಕೂತ್ಕಳಿ, ಉಂಡೋಗಿ."

ಎಲ್ಲರೂ ಕೂತು ಉಂಡರು. ಅಡುಗೆ ಚೆನ್ನಾಗಿತ್ತಂತೆ.