ದೇಶದ ಚರ್ಚೆಯಲ್ಲಿ ಸಿಕ್ಕ ಮೂಗು

ಟಿವಿ, ಪತ್ರಿಕೆಗಳಲ್ಲಿ ‘ನಾವು ಭಾರತೀಯರು’ ಎನ್ನುತ್ತಾರಲ್ಲ, ಆ ‘ನಾವು’ ಯಾರು ಎಂದು ಸಂಶೋಧನೆ ಮಾಡುವವಳು ನಾನು. ಸುದ್ದಿಯಲ್ಲಿ ದ್ವೇಷ ಬೇಡ ಎಂದು ಊರೂರಲ್ಲಿ ಸಭೆಯನ್ನೂ ಮಾಡುತ್ತೇನೆ. ದೇವರಿಗೆ ಕೈಮುಗಿದೇ ಮನೆ ಬಿಡುವುದು. ಆದರೂ ಹೀಗೆಲ್ಲ ಆಗುತ್ತದೆ. ಅವನಿಗೂ ನಗಬೇಕು ಅನಿಸುತ್ತದೇನೋ.

ಶಿರೂರಿನ ಜಗಲಿ

ಟಿವಿ ನೋಡುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ: “ಅಮ್ಮಾ, ಇವರು ‘ನಮ್ಮ ದೇಶ’ ಅಂತ ಕೂಗುವಾಗ ನಿಮಗೆ ಏನನಿಸುತ್ತದೆ?”

“ಅದಿರ್ಲಿ. ನಿಮ್ದ್ ಎಲ್ಲಾಯ್ತ್? ಮೂಲ ಎಲ್ಲಿ?”

ನಮ್ಮ ಕಡೆ ಮೂಲ ಎಂದರೆ ಕುಟುಂಬದ ಹಿರಿಯರು ನಂಬಿದ ನಾಗಬನ. ಅಪ್ಪ ಹುಡುಗನಿದ್ದಾಗಲೇ ಮುಂಬೈ ಹೋಟೆಲಿಗೆ ಓಡಿದವರು. ಏನೂ ಹೇಳದೆ ತೀರಿಹೋದರು. ಆ ಬನ ಒಮ್ಮೆ ತೋರಿಸು ಎಂಬುದೇ ನನ್ನ ನಿತ್ಯದ ಪ್ರಾರ್ಥನೆ.

“ಗೊತ್ತಿಲ್ಲಮ್ಮ.”

ಅಜ್ಜಿ ಒಳಗೆ ಕೂಗಿದರು: “ಹ್ವಾಯ್, ಬನ್ನಿ ಕಾಂಬ! ದೇಶ ಎಂತ ಅಂತ ಕೇಂಬುಕೆ ಬಂದಿರ್, ತಮ್ಮ ಬನವೇ ಗೊತ್ತಿಲ್ಯಂಬ್ರ್!”

ಕುಂದಾಪುರದ ಮೀನು ಮಾರ್ಕೆಟ್

“ಟಿವಿಯವರ ಪ್ರಕಾರ ದೇಶಪ್ರೇಮಿ ಯಾರು?” ಎಂದು ಬಂಗುಡೆ ಮಾರುವ ಅಕ್ಕನನ್ನು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿ, “ಮೂಗ್ ಕಂಡ್ರೆ ವಂಡ್ಸೆ ಬದಿ” ಎಂದರು.

“ಹೋಗೇ, ಕಿವಿ ಬ್ರಹ್ಮಾವರದ್ದ್!” ಎಂದರು ಪಕ್ಕದವರು.

ಸಾಲಿಗೆ ಸಾಲೇ ಜಗಳಕ್ಕೆ ನಿಂತಿತು. ಉತ್ತರ ಸಿಗಲಿಲ್ಲ. ಮೂಗನ್ನು ವಂಡ್ಸೆಗೆ, ಕಿವಿಯನ್ನು ಬ್ರಹ್ಮಾವರಕ್ಕೆ ಬಿಟ್ಟುಕೊಟ್ಟು, ಬಂಗುಡೆ ಹಿಡಿದು ಮನೆಗೆ ಬಂದೆ.

ನೇರ ಪ್ರಸಾರ

ಸ್ಥಳೀಯ ಚಾನೆಲ್ಲೊಂದು ‘ರಾಷ್ಟ್ರೀಯತೆ’ಯ ಚರ್ಚೆಗೆ ಕರೆಯಿತು. ಎದುರು ಕೂತವರು ಭಾರೀ ವಾಗ್ಮಿ. ಮೇಜು ಗುದ್ದಿ, “ಈ ಹೆಂಗಸಿಗೆ ಈ ಮಣ್ಣಲ್ಲಿ ಬೇರೇ ಇಲ್ಲ!” ಎಂದು ಗುಡುಗಿದರು. ನಿಜವೇ ಅಲ್ಲವೇ? ನಾಗದೇವರನ್ನು ನೆನೆದೆ.

ಆಗ ವೀಕ್ಷಕರ ಕರೆ ಬಂತು. ಕರೆ ಮಾಡಿದ್ದು ವಾಗ್ಮಿಯ ತಾಯಿ, ವಂಡ್ಸೆಯಿಂದ.

“ಮಗಾ, ಬಾಯ್ ಮುಚ್ಚ್! ಟಿವಿಯಲ್ಲಿ ಇಬ್ರ್ ಮೂಗೂ ಅಕ್ಕಪಕ್ಕ ಕಾಂತಿತ್ತ್, ಒಂದೇ ಅಚ್ಚ್! ಹೆಣ್ಣೇ, ನಿನ್ನಪ್ಪ ಮುಂಬೈಗೆ ಓಡ್ದವನಾ? ಎಡ್ಗೈಲೇ ಉಂಬುದಾ?”

“ಹೌದಮ್ಮ...”

“ಅಯ್ಯೋ, ಅಂವ ನನ್ನ ಗಂಡನ ತಮ್ಮ! ನಿಮ್ಮ ಬನ ನಮ್ಮನಿ ಹಿಂದೆಯೇ ಇತ್ತಲೇ!”

ಕ್ಯಾಮೆರಾದ ಮುಂದೆಯೇ ಕೈಮುಗಿದು ಅತ್ತುಬಿಟ್ಟೆ. ವಾಗ್ಮಿ ಮೂಗು ಮುಟ್ಟಿ ನೋಡಿಕೊಂಡು, “ಅಕ್ಕಾ, ಭಾನುವಾರ ಬನ್ನಿ, ನಾಗನಿಗೆ ತನು ಹಾಕುವ, ಹಾಲು ಎಳನೀರು ಎರೆವ” ಎಂದರು.

“ಸಾರ್, ದೇಶದ ವಿಷಯ?” ಎಂದ ನಿರೂಪಕ.

“ಅದ್ ಸೋಮವಾರ ಕಾಂಬ.”

ಅಷ್ಟರಲ್ಲಿ ಪರದೆಯ ಕೆಳಗೆ ಕೆಂಪು ಪಟ್ಟಿ ಓಡತೊಡಗಿತ್ತು: ‘ರಾಷ್ಟ್ರೀಯತೆ: ಭಾನುವಾರ ವಂಡ್ಸೆಯಲ್ಲಿ ನಾಗನಿಗೆ ತನು. ಊಟ ಇದೆ.’