ಅನ್ನವ್ವ ಪಾಸಾದ ದಿನ

ಕುಬೇರಪ್ಪ ಮಾಸ್ತರರ ಮರ್ಯಾದೆ ಮಣ್ಣುಗೂಡಿದ್ದು "ಆತು ಬಿಡಪಾ, ನೋಡೂಣು" ಎಂಬ ಒಂದೇ ಮಾತಿನಿಂದ.

ಹುಬ್ಬಳ್ಳಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವವರು, ವಾಸ ಹತ್ತಿರದ ಯರಗುಪ್ಪಿ ಊರಲ್ಲಿ. ಹನ್ನೆರಡು ವರ್ಷದಿಂದ ವಿಶ್ವವಿದ್ಯಾಲಯದ ಬಿ.ಎ. ಉತ್ತರಪತ್ರಿಕೆ ತಿದ್ದುತ್ತಿದ್ದರೂ ಒಂದು ಅಂಕ ಆಚೀಚೆ ಮಾಡಿದ ಆಸಾಮಿಯಲ್ಲ. ಎಂಬತ್ನಾಲ್ಕರ ಏಪ್ರಿಲ್‌ನಲ್ಲಿ ಪತ್ರಿಕೆಯ ಕಟ್ಟು ಮನೆಗೆ ಬಂದದ್ದನ್ನು ಟಪಾಲಿನವನು ಊರಿಗೆಲ್ಲ ಸಾರಿಬಿಟ್ಟ. ಬಾಜು ಮನೆಯ ಗುಡದಪ್ಪ ಮಗಳು ಅನ್ನವ್ವನ ಪರೀಕ್ಷೆಯ ನಂಬರಿನ ಚೀಟಿ, ಒಂದು ಗಡಿಗೆ ತುಪ್ಪ ಹಿಡಿದು ಮೂರು ದಿನ ಮಾಸ್ತರರ ಮನೆಯ ಕಟ್ಟೆ ಬಿಟ್ಟು ಏಳಲಿಲ್ಲ. ಕಟ್ಟಿನಲ್ಲಿದ್ದದ್ದು ಕಾರವಾರದ ಕಡೆಯ ಹುಡುಗರ ಪತ್ರಿಕೆ. ಹೇಳಿದರೆ ಯಾರು ನಂಬಬೇಕು? ಸಾಕಾಗಿ "ಆತು ಬಿಡಪಾ, ನೋಡೂಣು" ಅಂದುಬಿಟ್ಟರು. ತುಪ್ಪವನ್ನು ಹೆಂಡತಿ ಸುಶೀಲವ್ವ ಒಳಗೊಯ್ದದ್ದು ಹೋಳಿಗೆ ತಿಂದ ಮೇಲೆ ತಿಳಿಯಿತು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಫಲಿತಾಂಶ ಬಂತು. ಅನ್ನವ್ವ ಪಾಸು, ಅದೂ ಫಸ್ಟ್ ಕ್ಲಾಸು! ಗುಡದಪ್ಪ ಮಾಲೆ ಹಿಡಿದು, ಹಲಗೆ ಬಾರಿಸಿಕೊಂಡು ಬಂದ.

"ಮಾಸ್ತರ್ರ, ನಿಮ್ಮ ಉಪಕಾರ ಮರಿಯಂಗಿಲ್ರಿ!"

"ಅಲ್ಲೋ ಗುಡದಪ್ಪಾ, ಆಕಿ ಪೇಪರ್ ನಾ ಕಣ್ಣಿಲೆ ಕಂಡಿಲ್ಲೋ! ಆಕಿ ಓದಿ ಪಾಸಾಗ್ಯಾಳ."

ಎದುರು ಮನೆಯ ಮೀರಾಸಾಬ ನಕ್ಕ. "ದೊಡ್ಡವ್ರು ಹಿಂಗ ಅನ್ನೂದ್ರಿ. ಮುಂದಿನ ವರ್ಷ ನಮ್ಮ ಹುಡುಗಂದೂ ಐತ್ರಿ," ಎಂದು ಮಾವಿನ ಬುಟ್ಟಿ ಇಳಿಸಿದ.

ಮಾಸ್ತರರು ಆಣೆ ಮಾಡಿದರು, ಮಾಲೆ ಕಿತ್ತೊಗೆದರು. ಕೂಗಾಡಿದಷ್ಟೂ ಜನಕ್ಕೆ ಭಕ್ತಿ ಹೆಚ್ಚಿತು. ಸಂಜೆಯೊಳಗೆ ಕಟ್ಟೆಯ ಮೇಲೆ ಮುಂದಿನ ವರ್ಷ ಪರೀಕ್ಷೆಗೆ ಕೂರುವವರ ಹೆಸರಿನ ಹನ್ನೊಂದು ಚೀಟಿ ಬಿದ್ದವು.

ಊರು ಹಾಳಾಗಿ ಹೋಗಲಿ, ಆ ಹುಡುಗಿಯಾದರೂ ನಂಬಬೇಕು. ಹಗಲೂರಾತ್ರಿ ಓದಿದ್ದು ಅವಳಲ್ಲವೇ! ಗುಡದಪ್ಪನ ಹಿತ್ತಲಿಗೆ ಹೋದರು. ಅನ್ನವ್ವ ಒಬ್ಬಳೇ ಕೂತಿದ್ದಳು, ಕಣ್ಣು ಕೆಂಪಗಾಗಿದ್ದವು.

"ಯವ್ವಾ, ನಿನ್ನ ಪೇಪರ್ ನನ್ನ ಕಡೆ ಬಂದೇ ಇಲ್ಲ. ಫಸ್ಟ್ ಕ್ಲಾಸ್ ನಿಂದು, ಬರೇ ನಿಂದು."

"ಖರೇನ್ರಿ ಕಾಕಾ?"

"ಖರೇ ಅಂದ್ರ ಖರೇ."

ಅವಳು ನಂಬಿದಳು. ಇಡೀ ಊರಿನಲ್ಲಿ ಅವಳೊಬ್ಬಳು ನಂಬಿದಳು. ಮಾಸ್ತರರಿಗೆ ಹೋದ ಜೀವ ಬಂದಂತಾಯಿತು. ಆದರೆ ಅನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕತೊಡಗಿದಳು.

"ಯಾಕವ್ವಾ, ಏನಾತು?"

"ವಶೀಲಿ ಪಾಸು ನನಗ ಬ್ಯಾಡ, ರದ್ದ ಮಾಡ್ರಿ ಅಂತ ಯುನಿವರ್ಸಿಟಿಗೆ ಬರದೀನ್ರಿ. ನಿಮ್ಮ ಹೆಸರೂ ಹಾಕೀನ್ರಿ. ಮಧ್ಯಾಹ್ನದ ಟಪಾಲಿಗೆ ಹೋತ್ರಿ."

ಬೈಯಬೇಕು ಅನಿಸಿತು ಮಾಸ್ತರರಿಗೆ, ಆದರೆ ಹೇಗೆ ಬೈದಾರು? ಅವಳ ಜಾಗದಲ್ಲಿ ತಾವಿದ್ದರೂ ಅದನ್ನೇ ಬರೆಯುತ್ತಿದ್ದರು. ಅಯ್ಯೋ, ಊರಿಗೊಬ್ಬಳು ಪ್ರಾಮಾಣಿಕಳು, ಅವಳ ಕೈಯಿಂದಲೇ ಈ ಗತಿ ಬಂತಲ್ಲ ಎಂದು ಸಂಕಟವಾಯಿತು.

"ಛಲೋ ಮಾಡಿದಿ ಯವ್ವಾ," ಎಂದರು. ಆಮೇಲೆ ಮೆಲ್ಲಗೆ, "ಟಪಾಲ ಒಮ್ಮೊಮ್ಮೆ ಹಾದ್ಯಾಗ ಕಳೀತಾವಲ್ಲ?"

"ಇಲ್ರಿ ಕಾಕಾ," ಎಂದಳು ಅನ್ನವ್ವ ಕಣ್ಣೊರೆಸಿಕೊಂಡು, "ರಜಿಸ್ಟರ್ ಮಾಡೀನ್ರಿ."