ಸೌಟು ಹಿಡಿದವನು ಲೆಕ್ಕಕ್ಕಿಲ್ಲ

ಮನುಷ್ಯ ಇರುವ ಕಡೆಯೆಲ್ಲ ನಿಯಮಗಳು ಹುಟ್ಟುತ್ತಲೇ ಇರುತ್ತವೆ. ರೋಗದ ಕಾಲದಲ್ಲಿ ಮಾತ್ರ ಅವು ಅವಳಿ ಜವಳಿಯಾಗಿ ಹುಟ್ಟುತ್ತವೆ. ಆ ಕಾಲದಲ್ಲಿ ನಾನು ಪ್ರವಾಸಿಗಳ ದೊಡ್ಡ ಹಡಗೊಂದರಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದೆ. ಅಲ್ಲಿ ಬೆಳಗಿನ ನಿಯಮಕ್ಕೂ ಸಂಜೆಯ ನಿಯಮಕ್ಕೂ ಮುಖಪರಿಚಯವೇ ಇರುತ್ತಿರಲಿಲ್ಲ.

ನಮ್ಮದು ಕಾಮಸಮುದ್ರದ ಪಕ್ಕದ ಹಳ್ಳಿ. ಸಮುದ್ರ ಇರುವುದು ಹೆಸರಿನಲ್ಲಿ ಮಾತ್ರ. ಕೆರೆ ಕೋಡಿ ಬಿದ್ದರೆ ಹೊಸ ಬಟ್ಟೆ ಹಾಕಿಕೊಂಡು ನೋಡಲು ಹೋಗುವ ಜನ ನಾವು. ಬಂಗಾರಪೇಟೆಯ ಹೋಟೆಲಿನಲ್ಲಿ ಇಡ್ಲಿ ತಟ್ಟೆ ಹಿಡಿದು ಕಲಿತ ಕೈ ಹೇಗೋ ಹಡಗಿನವರೆಗೆ ಹೋಗಿತ್ತು. ಊರಲ್ಲಿ ಅಮ್ಮ ಮಾತ್ರ ಎಲ್ಲರ ಮುಂದೆ, “ನಮ್ಮ ಮಗ ಅಡಗು ಓಡುಸ್ತಾನೆ” ಎಂದೇ ಹೇಳಿಕೊಂಡಿದ್ದಳು. ತಿದ್ದುವ ಗೋಜಿಗೆ ನಾನು ಹೋಗಲಿಲ್ಲ. ಯಾರಿಗೂ ನಷ್ಟವಿಲ್ಲದ ಸುಳ್ಳು ಅಂದುಕೊಂಡಿದ್ದೆ.

ಅದೇ ವರ್ಷ ಅಕ್ಕನ ಮಗಳ ಮದುವೆ ಗೊತ್ತಾಯಿತು. ನಮ್ಮ ಕಡೆ ಮದುವೆ ಹೆಣ್ಣನ್ನು ಸೋದರಮಾವ ಎತ್ತಿಕೊಂಡು ಬಂದು ಹಸೆಮಣೆಯ ಮೇಲೆ ಕೂರಿಸಬೇಕು. ಅಕ್ಕನಿಗೆ ಇರುವವನು ನಾನೊಬ್ಬನೇ ತಮ್ಮ. ಆ ಮಗುವಿಗೆ ಎರಡು ವರ್ಷವಿದ್ದಾಗಲೇ ಹೆಗಲ ಮೇಲೆ ಕೂರಿಸಿಕೊಂಡು, “ನಿನ್ನ ಮದುವೇಲೂ ಇಂಗೇ ಎತ್ಕೊಂಡೋಯ್ತೀನಿ” ಎಂದು ಮಾತು ಕೊಟ್ಟಿದ್ದೆ. ಅವಳು ಅದನ್ನು ಮರೆತಿರಲಿಲ್ಲ. “ಮಾವ, ನೀನು ಬರಲಿಲ್ಲ ಅಂದ್ರೆ ನಾನು ಹಸೆಗೆ ಕೂರಾಕಿಲ್ಲ” ಎಂದು ಫೋನಿನಲ್ಲಿ ಹೇಳಿದಳು. ಹಾಗಾಗಿ ಹಡಗಿನಲ್ಲಿ ಒಂದೊಂದು ನಿಯಮ ಬದಲಾದಾಗಲೂ ನಾನು ಮೊದಲು ಎಣಿಸುತ್ತಿದ್ದದ್ದು, ಮದುವೆಗೆ ಇನ್ನೆಷ್ಟು ದಿನ ಅಂತ.

೧. ಹೊಸ ಮುಖ

ನಮ್ಮ ಹಡಗಿನ ಊಟದ ಹಾಲಿನಲ್ಲಿ ಪ್ರಯಾಣಿಕರು ತಮಗೆ ಬೇಕಾದ್ದನ್ನು ತಾವೇ ಬಡಿಸಿಕೊಳ್ಳುವ ಪದ್ಧತಿ. ರೋಗದ ಸುದ್ದಿ ಬಂದ ಮೊದಲ ದಿನ, ಕೈ ತೊಳೆದು ಬಡಿಸಿಕೊಳ್ಳಿ ಅಂದರು. ಮರುದಿನ, ಅರ್ಧ ಗಂಟೆಗೊಮ್ಮೆ ಸೌಟು ಬದಲಾಯಿಸಿ ಅಂದರು. ಮೂರನೇ ದಿನ, ಪ್ರಯಾಣಿಕರು ಸೌಟು ಮುಟ್ಟಲೇಬಾರದು, ನೀವೇ ಬಡಿಸಿ ಅಂದರು. ಎಲ್ಲರಿಗೂ ಮಾಸ್ಕು ಬಂತು.

ಕಷ್ಟ ಶುರುವಾದದ್ದು ಆಮೇಲೆ. ಅಲ್ಲಿಯವರೆಗೆ ಯಾರು ಎಷ್ಟು ಸಲ ಬಂದರೆಂದು ನೋಡುವವರಿರಲಿಲ್ಲ. ಈಗ ನನ್ನೆದುರು ನಿಂತು ಬಾಯಿಬಿಟ್ಟು ಕೇಳಬೇಕು. ಒಬ್ಬ ಹಿರಿಯರಿಗೆ ಕ್ಯಾರಮೆಲ್ ಪುಡ್ಡಿಂಗ್ ಅಂದರೆ ಪ್ರಾಣ. ಮೊದಲ ಸಲ ನೀಲಿ ಮಾಸ್ಕಿನಲ್ಲಿ ಬಂದರು, ಬಡಿಸಿದೆ. ಎರಡನೇ ಸಲ ಬಂದು, “ನನ್ನ ಹೆಂಡತಿಗೆ” ಅಂದರು. ಬಡಿಸಿದೆ. ಹತ್ತು ನಿಮಿಷ ಬಿಟ್ಟು ಬಿಳಿ ಮಾಸ್ಕು, ತಲೆಗೊಂದು ಟೋಪಿ ಹಾಕಿಕೊಂಡು ಹೊಸಬರಂತೆ ಬಂದು ನಿಂತರು.

“ಈ ಪುಡ್ಡಿಂಗ್ ಚೆನ್ನಾಗಿದೆಯಂತೆ. ನಾನಿನ್ನೂ ರುಚಿ ನೋಡಿಲ್ಲ” ಅಂದರು.

ನಾನು ಗಂಭೀರವಾಗಿ, “ಖಂಡಿತ ನೋಡಿ ಸಾರ್” ಎಂದು ಎರಡು ತುಂಡು ಹಾಕಿದೆ. ಪಾಪ, ಅಂಗಿಯ ಮೇಲೆ ಚೆಲ್ಲಿದ್ದ ಮೊದಲೆರಡು ಸಲದ ಪುಡ್ಡಿಂಗನ್ನು ಒರೆಸಿಕೊಳ್ಳಲು ಮರೆತಿದ್ದರು.

೨. ಐವತ್ತೊಂದನೆಯವನು

ಹಡಗಿನ ಮೇಲಿನ ಡೆಕ್ಕಿನಲ್ಲಿ ಈಜುಕೊಳದ ಸುತ್ತ ಗುಂಪು ಸೇರಬಾರದೆಂದು ಇನ್ನೊಂದು ನಿಯಮ ಬಂತು: ಒಂದು ಹೊತ್ತಿಗೆ ಐವತ್ತೇ ಜನ. ಬಾಗಿಲಲ್ಲಿ ಕಾವಲಿನವನೊಬ್ಬ ಕೈಯಲ್ಲಿ ಎಣಿಸುವ ಯಂತ್ರ ಹಿಡಿದು ಒಬ್ಬೊಬ್ಬರಿಗೂ ಟಿಕ್ ಅನ್ನಿಸುತ್ತಿದ್ದ. ನಾನು ತಂಪು ಪಾನೀಯದ ತಟ್ಟೆ ಹಿಡಿದು ಹೋದಾಗ ಐವತ್ತು ತುಂಬಿತ್ತು. ಶಿಸ್ತಾಗಿ ಹೊರಗೇ ನಿಂತೆ.

“ಯಾಕೆ ನಿಂತೆ? ಹೋಗು ಒಳಗೆ” ಅಂದ.

“ನಾನು ಹೋದರೆ ಐವತ್ತೊಂದಾಗುತ್ತಲ್ಲ?”

“ತಟ್ಟೆ ಹಿಡಿದವರು ಲೆಕ್ಕಕ್ಕಿಲ್ಲ.”

ನನಗೆ ಸ್ವಲ್ಪ ನೋವಾಯಿತು. ನಾನೂ ಉಸಿರಾಡುವವನೇ ತಾನೆ? “ಇದು ವೈರಸ್ಸಿಗೂ ಗೊತ್ತಾ?” ಎಂದು ಕೇಳಿದೆ.

ಅವನು ನಗಲಿಲ್ಲ. ನಿಯಮದ ಹಾಳೆ ತೆಗೆದು ಓದಿ ನೋಡಿ ಹೇಳಿದ: “ತಟ್ಟೆ ಕೆಳಗಿಟ್ಟರೆ ನೀನೂ ಲೆಕ್ಕಕ್ಕೆ ಬರ್ತೀಯ. ಇಡಬೇಡ.”

೩. ಐದು ನಿಮಿಷದಲ್ಲಿ ಬತ್ತೀವಿ ಸಾರ್

ಕೊನೆಗೆ ಪ್ರಯಾಣಿಕರನ್ನೆಲ್ಲ ಯಾವುದೋ ಬಂದರಿನಲ್ಲಿ ಇಳಿಸಿದರು. ನಮ್ಮನ್ನು ಇಳಿಸಿಕೊಳ್ಳಲು ಯಾವ ಊರೂ ಒಪ್ಪಲಿಲ್ಲ. ಹಡಗು ದಡ ಕಾಣುವಷ್ಟು ದೂರದಲ್ಲಿ ಲಂಗರು ಹಾಕಿ ನಿಂತಿತು. ಕೆಲಸಗಾರರು ಒಂದೇ ಕೋಣೆಯಲ್ಲಿ ನಾಲ್ವರು ಮಲಗುವುದು ಅಪಾಯವೆಂದು ಹೊಸ ನಿಯಮ ಮಾಡಿ, ಒಬ್ಬೊಬ್ಬರಿಗೂ ಪ್ರಯಾಣಿಕರ ಒಂದೊಂದು ಕೋಣೆ ಕೊಟ್ಟರು. ಸಮುದ್ರದ ಕಡೆ ಬಾಲ್ಕನಿ, ಮೆತ್ತನೆಯ ಹಾಸಿಗೆ. ಇಷ್ಟು ವರ್ಷ ನೀರಿನ ಮಟ್ಟದ ಕೆಳಗೆ ಮಲಗಿದ್ದ ನಮ್ಮನ್ನು ಮೇಲೆತ್ತಲು ಒಂದು ರೋಗ ಬರಬೇಕಾಯಿತು.

ನನ್ನ ಜೊತೆ ಕೆಜಿಎಫ್‌ನ ನಂದಿದುರ್ಗ ಲೈನಿನ, ಗಣಿ ಕೆಲಸಗಾರರ ಸಾಲುಮನೆಯ, ಹುಡುಗನೊಬ್ಬನಿದ್ದ. ಅವನ ತಾತ ಚಿನ್ನದ ಗಣಿಯಲ್ಲಿ ಭೂಮಿಯ ಒಳಗಿದ್ದರಂತೆ, ಇವನು ನೀರಿನ ಮೇಲೆ ಕೋಣೆ ಗುಡಿಸುತ್ತಿದ್ದ. ಎಂಟು ವರ್ಷ ಕಂಡವರ ಹಾಸಿಗೆ ಮಡಿಸಿದವನು ಮೊದಲ ಸಲ ಪ್ರಯಾಣಿಕನಂತೆ ಮಲಗಿ ಎದ್ದ. ಎದ್ದವನೇ “ದಯವಿಟ್ಟು ಕೋಣೆ ಸ್ವಚ್ಛಗೊಳಿಸಿ” ಎಂಬ ಚೀಟಿಯನ್ನು ಬಾಗಿಲಿಗೆ ನೇತುಹಾಕಿ, ಬಾಲ್ಕನಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ. ಒಂದು ಗಂಟೆಯಾದರೂ ಯಾರೂ ಬರಲಿಲ್ಲ. ಸಿಟ್ಟು ಬಂತು. ಕೋಣೆಯ ಫೋನೆತ್ತಿ ಸ್ವಚ್ಛತಾ ವಿಭಾಗಕ್ಕೆ ಕರೆ ಮಾಡಿದ.

ಅವನ ಜೇಬಿನಲ್ಲೇ ಇನ್ನೊಂದು ಫೋನು ಹೊಡೆದುಕೊಂಡಿತು. ಆ ದಿನ ಸ್ವಚ್ಛತಾ ವಿಭಾಗದ ಪಾಳಿ ಅವನದೇ.

“ಆಮೇಲೇನು ಮಾಡಿದೆಯಪ್ಪ?” ಎಂದು ಕೇಳಿದೆ.

“ಏನ್ ಮಾಡ್ಲಿ ಮಚ್ಚಾ, ಅಭ್ಯಾಸ. ಈ ಫೋನಲ್ಲಿ ಚೆನ್ನಾಗಿ ಬೈದೆ, ಆ ಫೋನಲ್ಲಿ ಸಾರಿ ಸಾರ್, ಐದು ನಿಮಿಷದಲ್ಲಿ ಬತ್ತೀವಿ ಅಂದೆ. ಎದ್ದು ಗುಡಿಸ್ದೆ” ಅಂದ. ಆಮೇಲೆ, “ಆದ್ರೂ ಆ ಗೆಸ್ಟು ತುಂಬಾ ಕೊಬ್ಬು ಮಚ್ಚಾ” ಎಂದು ಸೇರಿಸಿದ.

೪. ನಿಂತಿದ್ರೆ ಇಳ್ದು ಬಾ

ಇತ್ತ ಅಮ್ಮನಿಂದ ದಿನಕ್ಕೆರಡು ಕರೆ.

“ಎಲ್ಲಿದ್ದೀಯ ನಾಯ್ನಾ?”

“ಹಡಗಲ್ಲೇ ಅಮ್ಮ. ಹಡಗು ನಿಂತಿದೆ.”

“ನಿಂತಿದ್ರೆ ಇಳ್ದು ಬಾ.”

ಕಾಮಸಮುದ್ರದ ಬಸ್ಸು ನಿಂತರೆ ಜನ ಹಾಗೇ ಇಳಿಯುತ್ತಾರೆ, ನಿಲ್ದಾಣವೇ ಆಗಬೇಕೆಂದೇನಿಲ್ಲ. “ಸುತ್ತ ನೀರಮ್ಮ” ಅಂದೆ.

“ಓಡಿಸೋವ್ನಿಗೆ ಏಳ್ಲಾ, ಒಸಿ ದಡದ ಪಕ್ಕಕ್ಕೆ ತಗೊಂಡು ನಿಲ್ಲುಸ್ಲಿ” ಎಂದಳು. ತಕ್ಷಣ ಏನೋ ಹೊಳೆದು ಅವಳ ದನಿ ಬದಲಾಯಿತು. “ಅಲ್ಲ ಕಣ್ಲಾ, ಓಡ್ಸೋನು ನೀನೇ ಅಲ್ವಾ? ಅಕ್ಕನ ಮಗಳ ಮದುವೆ ಮಡಿಕ್ಕಂಡು ಸುಮ್ನೆ ನಿಲ್ಲಿಸ್ಕಂಡು ಕೂತಿದ್ದೀಯಾ?”

ಊರಿಗೆ ಹೇಳಿದ ಸುಳ್ಳನ್ನು ಊರು ನಂಬಿತ್ತೋ ಇಲ್ಲವೋ, ಅಮ್ಮ ಪೂರ್ತಿ ನಂಬಿಬಿಟ್ಟಿದ್ದಳು.

೫. ಸರ್ಕಾರದ ಶಾಯಿ, ಅಮ್ಮನ ಹುಣಸೆಹಣ್ಣು

ಅಂತೂ ಒಂದು ದಿನ ನಮ್ಮನ್ನು ಇಳಿಸಿ ವಿಮಾನ ಹತ್ತಿಸಿದರು. ಮದುವೆಗೆ ಸರಿಯಾಗಿ ಹದಿನಾರು ದಿನವಿತ್ತು. ವಿಮಾನ ನಿಲ್ದಾಣದಲ್ಲಿ ಎಡಗೈಯ ಹಿಂಬದಿಗೆ ತಾರೀಖಿನ ಸಮೇತ ಮುದ್ರೆ ಒತ್ತಿ, ಹದಿನಾಲ್ಕು ದಿನ ಮನೆಯಿಂದ ಹೊರಗೆ ಬರಬಾರದು ಅಂದರು. ಲೆಕ್ಕ ಹಾಕಿದೆ. ಎರಡು ದಿನ ಉಳಿಯುತ್ತದೆ. ಸಂತೋಷದಿಂದ ಬಂದು, ದನದ ಕೊಟ್ಟಿಗೆಗೆ ಅಂಟಿಕೊಂಡ ಕೋಣೆ ಸೇರಿದೆ.

ಅಮ್ಮ ಆ ಮುದ್ರೆ ನೋಡಿ ಹೌಹಾರಿದಳು. “ಸಂತೇಲಿ ಎಮ್ಮೆಗೆ ಗುರುತಾಕ್ದಂಗೆ ಆಕವ್ರಲ್ಲೋ! ನೆಂಟ್ರು ನೋಡಿದ್ರೆ ಮದುವೆಗೆ ಒಬ್ರಾದ್ರೂ ಬತ್ತಾರಾ?”

ದೂರದಿಂದ ಬಂದವರಿಗೆ ಎಣ್ಣೆ ನೀರು ಹಾಕುವುದು ನಮ್ಮ ಮನೆಯ ಪದ್ಧತಿ. ಶನಿವಾರ ಹರಳೆಣ್ಣೆ ಹಚ್ಚಿಸಿ ಹಿತ್ತಲ ಕಲ್ಲಿನ ಮೇಲೆ ಕೂರಿಸಿದಳು. ಆರಡಿ ದೂರ ಇರಬೇಕಮ್ಮ ಅಂದೆ. “ಎತ್ತ ತಾಯಿಗೆ ಯಾವ ದೂರ?” ಎಂದು ಕೈ ಎಳೆದುಕೊಂಡಳು. ತಾಮ್ರದ ಹಂಡೆ ಬೆಳಗುವ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಇಷ್ಟೂ ಹಾಕಿ ದಿನಾ ಉಜ್ಜಿದಳು. ಎಂಟನೇ ದಿನದ ಹೊತ್ತಿಗೆ, ಹದಿನಾಲ್ಕು ದಿನ ಅಳಿಸಲಾರದ ಶಾಯಿಯೆಂದು ಸರ್ಕಾರ ಹೇಳಿದ್ದು ಅಳಿಸಿತ್ತು. ಜೊತೆಗೆ ನನ್ನ ಚರ್ಮವೂ ಒಂದಿಷ್ಟು ಹೋಗಿತ್ತು.

ಅಂದೇ ಊರಿನ ಆಶಾ ಕಾರ್ಯಕರ್ತೆ ತಪಾಸಣೆಗೆ ಬಂದಳು. “ಎಲ್ಲಣ್ಣಾ ಮುದ್ರೆ?”

“ಅಸನಾಗಿ ತೊಳ್ದಾಕಿವ್ನಿ ಕಣಮ್ಮ. ರೋಗಾನೂ ಅದ್ರ ಜೊತೇಲೇ ಓಯ್ತು” ಎಂದು ಅಮ್ಮ ಹೆಮ್ಮೆಯಿಂದ ಹೇಳಿದಳು.

ಆಶಾ ಕಾರ್ಯಕರ್ತೆ ಒಪ್ಪಲಿಲ್ಲ. “ಸುಮ್ನಿರತ್ತೆ. ಈ ಶಾಯಿ ಹದಿನಾಲ್ಕು ದಿನ ಓಗಾಕಿಲ್ಲ ಅಂತ ಟ್ರೈನಿಂಗಲ್ಲಿ ಏಳವ್ರೆ. ಅಣ್ಣ ಬಂದು ಎಂಟೇ ದಿನ. ಅಂದ್ಮೇಲೆ ಮುದ್ರೆ ಓಗಿಲ್ಲ, ಅದನ್ನ ಯಾರೂ ಆಕೇ ಇಲ್ಲ” ಎಂದು ಚೀಲದಿಂದ ಮುದ್ರೆ ತೆಗೆದು, ಆ ದಿನದ ತಾರೀಖು ಹಾಕಿ, ಹೊಸದಾಗಿ ಹದಿನಾಲ್ಕು ದಿನ ಒತ್ತಿದಳು. ಮದುವೆ ಮುಗಿದು ಆರನೇ ದಿನಕ್ಕೆ ನನ್ನ ಬಿಡುಗಡೆ.

ನಾನು ನಿಜವಾಗಿ ಅತ್ತುಬಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು ಸಮಾಧಾನ ಮಾಡಿದಳು: “ಅಳಬ್ಯಾಡ ಸುಮ್ನಿರು. ಹುಣಸೇಹಣ್ಣು ಇನ್ನೂ ಐತೆ.”

೬. ಅಡಗು ಓಡ್ಸೋನು

ಮದುವೆ ಬಂಗಾರಪೇಟೆಯ ಛತ್ರದಲ್ಲಿ. ಐವತ್ತೇ ಜನ ಸೇರಬಹುದೆಂದು ಅಪ್ಪಣೆ. ನಾನು ಬರಲಾರೆನೆಂದು ಅಕ್ಕ ಅತ್ತು ಕರೆದು, ಪಟ್ಟಿಯಿಂದ ನನ್ನ ಹೆಸರು ಹೊಡೆದು ಆ ಜಾಗವನ್ನು ಬೀಗರ ಕಡೆಗೆ ಬಿಟ್ಟುಕೊಟ್ಟಳು. ಶಾಸ್ತ್ರಕ್ಕೆ ಪುರೋಹಿತರು ಪರಿಹಾರ ಹೇಳಿದ್ದರು. ನಾನು ಫೋನಿನಲ್ಲಿ ಮುಖ ತೋರಿಸುವುದು, ಆ ಫೋನನ್ನು ಹಿಡಿದುಕೊಂಡು ಹುಡುಗಿ ತಾನೇ ನಡೆದು ಹೋಗುವುದು. ಎತ್ತಿಕೊಂಡು ಹೋಗುತ್ತೇನೆಂದು ಮಾತು ಕೊಟ್ಟ ಮಾವನನ್ನು ಹುಡುಗಿಯೇ ಎತ್ತಿಕೊಂಡು ಹೋಗಬೇಕು.

ಮದುವೆಯ ದಿನ ಬೆಳಗ್ಗೆ ಆಶಾ ಕಾರ್ಯಕರ್ತೆ ಓಡಿ ಬಂದಳು. “ಅಣ್ಣಾ, ರಾತ್ರಿ ರೂಲ್ಸು ಬದಲಾಗೈತೆ! ಹದಿನಾಲ್ಕಲ್ಲ, ಏಳೇ ದಿನವಂತೆ. ನಿಂದು ನೆನ್ನೇಗೇ ಮುಗೀತು. ಓಗು ಓಗು!”

ಅಮ್ಮ ಹಿಂದಿನ ದಿನವೇ ಛತ್ರಕ್ಕೆ ಹೋಗಿದ್ದಳು. ಪಕ್ಕದ ಮನೆಯವರ ಬೈಕು ಇಸಿದುಕೊಂಡು ಒಂದೇ ಉಸಿರಿಗೆ ಬಂಗಾರಪೇಟೆ ಸೇರಿದೆ. ಛತ್ರದ ಬಾಗಿಲಲ್ಲಿ ತಲೆ ಎಣಿಸಲು ನೇಮಕವಾದ ನೌಕರರೊಬ್ಬರು ಕುರ್ಚಿ ಹಾಕಿಕೊಂಡು ಕೂತಿದ್ದರು.

“ಐವತ್ತು ತುಂಬೈತೆ.”

“ನಾನು ಸೋದರಮಾವ ಸಾರ್! ಮುಹೂರ್ತಕ್ಕೆ ಕಾಲು ಗಂಟೆಯಿದೆ.”

“ಮಾವ ಆದ್ರೂ ಐವತ್ತೊಂದೇ.”

ಕಾಲು ಹಿಡಿಯುವುದೊಂದು ಬಾಕಿ. ಅಷ್ಟರಲ್ಲಿ ನಮ್ಮಿಬ್ಬರ ಪಕ್ಕದಿಂದಲೇ ಸಾರಿನ ಬಕೆಟ್ಟು ಹಿಡಿದ ಇಬ್ಬರು ಒಳಗೆ ಹೋದರು. ನೌಕರರು ಅವರ ಕಡೆ ತಿರುಗಿಯೂ ನೋಡಲಿಲ್ಲ.

“ಅವರು ಸಾರ್?”

“ಅಡುಗೆಯವ್ರು ಲೆಕ್ಕಕ್ಕಿಲ್ಲ.”

ಏಳು ಸಮುದ್ರದಾಚೆ ಕೇಳಿದ ಮಾತನ್ನೇ ಬಂಗಾರಪೇಟೆಯಲ್ಲೂ ಕೇಳಿದಾಗ, ಮೊದಲ ಸಲ ಅದು ನನಗೆ ಹಿತವಾಗಿ ಕೇಳಿಸಿತು. ಹಿಂದಿನಿಂದ ಅಡುಗೆಮನೆಗೆ ಹೋಗಿ ಭಟ್ಟರ ಕೈಕಾಲು ಹಿಡಿದೆ. ತಲೆಗೆ ಟೋಪಿ, ಸೊಂಟಕ್ಕೆ ಏಪ್ರನ್, ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು, ಒಂದು ಉದ್ದನೆಯ ಸೌಟು. ಹದಿನೈದು ವರ್ಷದ ನನ್ನ ಸಮವಸ್ತ್ರವೇ.

ಬಾಗಿಲಿನ ನೌಕರರು ಗುರುತು ಹಿಡಿಯದೆ ಇರಲಿಲ್ಲ. ಅವರಿಗೂ ಮನೆಯಲ್ಲಿ ಅಕ್ಕತಂಗಿಯರಿದ್ದರೋ ಏನೋ. ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ನೋಡಪ್ಪ, ಕೈಯಾಗೆ ಸೌಟು ಇರೋಗಂಟ ನೀನು ಅಡುಗೆಯವ್ನು. ಕೆಳಗಿಟ್ಯೋ, ಐವತ್ತೊಂದು. ಆಮೇಲೆ ನನ್ನ ಅನ್ಬ್ಯಾಡ.”

ಫೋನನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ ನಮ್ಮ ಹುಡುಗಿ, ಸೌಟು ಹಿಡಿದು ಬಂದವನ ಕಣ್ಣು ನೋಡಿಯೇ ಗುರುತಿಸಿದಳು. “ಮಾವಾ!” ಎಂದು ಕೂಗಿ ಫೋನನ್ನು ಅಲ್ಲೇ ಬಿಟ್ಟಳು. ನಾನು ಸೌಟು ಬಿಡದೆ, ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಅವಳನ್ನು ಎತ್ತಿಕೊಂಡೆ. ಎರಡು ವರ್ಷದ ಮಗುವಿಗಿಂತ ಭಾರವಾಗಿದ್ದಳು, ನಿಜ. ಆದರೆ ಅಷ್ಟು ಹಗುರವಾಗಿ ನಾನು ಎಂದೂ ನಡೆದಿರಲಿಲ್ಲ. ಮಾಸ್ಕು ಪೂರ್ತಿ ಒದ್ದೆಯಾಗಿತ್ತು.

ಹಸೆಮಣೆಯ ಪಕ್ಕದಲ್ಲೇ ಗಂಡಿನ ಅಜ್ಜಿ ಕೂತಿದ್ದರು. ಟೋಪಿಯಿಂದ ಸೌಟಿನವರೆಗೆ ನನ್ನನ್ನು ಅಳೆದು, ಅಮ್ಮನ ಕಡೆ ತಿರುಗಿದರು.

“ಏನವ್ವಾ ಇದು? ಅಡಗು ಓಡ್ಸೋ ಸೋದರಮಾವ ಬಂದು ಎಣ್ಣನ್ನ ಎತ್ತುತಾನೆ ಅಂತ ಏಳಿದ್ರಿ. ಸಾರು ಬಡ್ಸೋವ್ನ ಕೈಲಿ ಎತ್ತುಸ್ತಾ ಇದ್ದೀರಲ್ಲ!”

ಛತ್ರದವರೆಲ್ಲ ನನ್ನ ಕಡೆ ತಿರುಗಿದರು. ನಾನು ತಿದ್ದದೆ ಬಿಟ್ಟ ಸುಳ್ಳು, ಅಮ್ಮನ ಮಾನ, ಎರಡೂ ಆ ಸೌಟಿನ ತುದಿಯಲ್ಲಿ ನೇತಾಡುತ್ತಿದ್ದವು. ಅಮ್ಮ ನನ್ನ ಟೋಪಿ ನೋಡಿದಳು, ಏಪ್ರನ್ ನೋಡಿದಳು. ಸೌಟನ್ನು ತುಸು ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ತಲೆಯೆತ್ತಿ ಹೇಳಿದಳು:

“ಅವ್ನೇ ಕಣಮ್ಮ ನನ್ನ ಮಗ. ಅಡಗು ಓಡ್ಸೋದು ಆ ಸೌಟ್ನಾಗೇ.”